ಉಪ್ಪು ಹಾಕುವ ಕೈ

"ಗುರುಗಳೇ, ನೋಯಿಸುವ ಸತ್ಯಕ್ಕಿಂತ ನೋಯಿಸದ ಮೌನ ಮೇಲಲ್ಲವೇ?" ಎಂದು ಹಿರಿಯ ಶಿಷ್ಯ ಕೇಳಿದ.

ಬೆಳಗಿನ ಪಾಠ ಮುಗಿದಿತ್ತು. ಏಳಲು ಹೊರಟಿದ್ದ ಉಳಿದ ಶಿಷ್ಯರು ಪ್ರಶ್ನೆ ಕೇಳಿ ಮತ್ತೆ ಕುಳಿತರು. ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕತೆ ಹೇಳಿದರು.

ಒಂದು ಸಣ್ಣ ಪೇಟೆಯಲ್ಲಿ ಒಂದು ಬೇಕರಿ ಇತ್ತು. ಪೇಟೆಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕತೆಯನ್ನು ಇಲ್ಲೇ ಬಿಟ್ಟು ಬನ್ ತಿನ್ನಲು ಹೊರಡುತ್ತೀರಿ. ನಿಮ್ಮನ್ನು ನಾನು ಬಲ್ಲೆ. ಬೇಕರಿಯವರ ಹೆಸರೂ ಬೇಡ. ಮೂರು ತಲೆಮಾರಿನ ಕಸುಬು ಅದು. ಅಜ್ಜ, ಅಪ್ಪ, ಮಗ ಎಂದರೆ ಸಾಕು.

ಅಜ್ಜ ಸಿಪಾಯಿಗಳು ಬೀಡುಬಿಟ್ಟ ದಂಡಿನ ಊರಿನಲ್ಲಿ ದುಡಿದು ಬ್ರೆಡ್ಡು ಮಾಡುವುದನ್ನು ಕಲಿತು ಬಂದವನು. ಹುಟ್ಟಿದ ಪೇಟೆಗೆ ಮರಳಿ ಇಟ್ಟಿಗೆಯ ದೊಡ್ಡ ಒಲೆ ಕಟ್ಟಿದ. ಯಾರೂ ಕೊಳ್ಳಲಿಲ್ಲ. ಹಿಟ್ಟನ್ನು ಕಾಲಿನಿಂದ ತುಳಿಯುತ್ತಾರಂತೆ ಎಂದರು ಕೆಲವರು. ಹೆಂಡ ಹಾಕಿ ಉಬ್ಬಿಸುತ್ತಾರಂತೆ ಎಂದರು ಇನ್ನು ಕೆಲವರು. ಅಜ್ಜ ಯಾರೊಂದಿಗೂ ಜಗಳಕ್ಕೆ ಹೋಗಲಿಲ್ಲ. ಹಿಟ್ಟು ನಾದುವ ಹಲಗೆಯನ್ನು ಒಳಗಿನಿಂದ ಎತ್ತಿ ತಂದು ಬೀದಿ ಬಾಗಿಲಿಗೆ ಹಾಕಿಕೊಂಡ. ಹೋಗುವವರು ಬರುವವರು ನಿಂತು ನೋಡಿದರು. ಕೈಯಲ್ಲೇ ನಾದುತ್ತಾನೆ ಎಂದು ಊರಿಗೆ ಖಾತ್ರಿಯಾಯಿತು.

ಆದರೂ ಬ್ರೆಡ್ಡು ಎಂದರೆ ಜ್ವರ ಬಂದವರ ತಿಂಡಿ ಎಂಬ ಮಾತು ಹೋಗಲಿಲ್ಲ. ಊರಿಗೆ ಚಳಿಜ್ವರ ಬಂದರೆ ಅಜ್ಜನ ಅಂಗಡಿಯಲ್ಲಿ ಜನ. ಎಲ್ಲರೂ ಗಟ್ಟಿಮುಟ್ಟಾಗಿದ್ದರೆ ಅಜ್ಜ ತನ್ನ ಬನ್ನನ್ನು ತಾನೇ ತಿನ್ನಬೇಕು. ಮೊದಲ ಎರಡು ವರ್ಷ ಆ ಒಲೆಯನ್ನು ಆರದಂತೆ ಕಾಪಾಡಿದವರು ಕಾಯಿಲೆಯವರು. ಅಜ್ಜ ಅದನ್ನು ಮರೆಯಲಿಲ್ಲ. ವ್ಯಾಪಾರ ಕುದುರಿದ ಮೇಲೆ ಒಂದು ಪದ್ಧತಿ ಮಾಡಿದ. ದಿನವೂ ಒಲೆಯಿಂದ ಮೊದಲು ಬರುವ ಬನ್ನುಗಳು ಮಾರಾಟಕ್ಕಲ್ಲ. ಊರಿನಲ್ಲಿ ಯಾರು ಮಲಗಿದ್ದಾರೋ ಅವರ ಮನೆಗೆ ಅವನ್ನು ಬೇಕರಿಯ ಯಜಮಾನನೇ ಹೊತ್ತುಕೊಂಡು ಹೋಗಿ ಕೊಟ್ಟು ಬರಬೇಕು.

ಇನ್ನೊಂದು ಪದ್ಧತಿ ಹುಟ್ಟಿದ್ದು ಅಜ್ಜಿಯಿಂದ. ಒಂದು ದಿನ ಅಜ್ಜ ಹಿಟ್ಟಿಗೆ ಉಪ್ಪು ಹಾಕಿ ಸೌದೆ ತರಲು ಹಿತ್ತಿಲಿಗೆ ಹೋದ. ಗಂಡ ಮರೆತಿರಬೇಕು ಎಂದುಕೊಂಡು ಅಜ್ಜಿಯೂ ಹಾಕಿದಳು. ಒಂದು ಒಲೆ ಬ್ರೆಡ್ಡು ದನವೂ ಮೂಸದಂತಾಯಿತು. ಅಜ್ಜ ಅಜ್ಜಿಯನ್ನು ಬೈದ, ಅಜ್ಜಿ ಅಜ್ಜನನ್ನು ಬೈದಳು. ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ರಾಜಿಯಾಗಿ, ಇನ್ನು ಮುಂದೆ ಉಪ್ಪು ಒಂದೇ ಕೈಯಿಂದ ಬೀಳಬೇಕು ಎಂದು ತೀರ್ಮಾನಿಸಿದರು. ನಾದುವವರು ಯಾರಾದರೂ ನಾದಲಿ, ಒಲೆಗೆ ಇಡುವವರು ಯಾರಾದರೂ ಇಡಲಿ. ಉಪ್ಪು ಮಾತ್ರ ಮನೆಯ ಹಿರಿಯನ ಕೈಯಿಂದ. ಅಳತೆ ಪಾತ್ರೆ ಇಲ್ಲ. ಒಂದು ಮುದ್ದೆ ಹಿಟ್ಟಿಗೆ ಒಂದು ಹಿಡಿ. ಅಜ್ಜನ ಕೈ ನಿಂತ ಮೇಲೆ ಆ ಜಾಡಿ ಅಪ್ಪನ ಕೈಗೆ ಬಂತು. ಅಂದಿನಿಂದ ಅಪ್ಪ ಯಜಮಾನನಾದ.

ನಮ್ಮ ಕತೆ ಈ ಅಪ್ಪನದು. ನನಗೆ ಅವನ ಮೇಲೆ ಬಹಳ ಅಕ್ಕರೆ. ಊರಿಗೂ ಇತ್ತು. ನಲವತ್ತು ವರ್ಷ ಅವನು ಹೊತ್ತ ಬನ್ನು ತಲುಪದ ಮನೆ ಆ ಪೇಟೆಯಲ್ಲಿ ಇರಲಿಲ್ಲ. ಹೆರಿಗೆಯಾದವರಿಗೆ, ಕಾಲು ಮುರಿದವರಿಗೆ, ಮುಟ್ಟಿದರೆ ಅಂಟುತ್ತದೆ ಎಂದು ಬಂಧುಗಳೇ ದೂರ ನಿಂತ ಕಾಯಿಲೆಯವರಿಗೆ, ಎಲ್ಲರಿಗೂ ಅವನು ಕೊಟ್ಟಿದ್ದ. ಕೊಟ್ಟು ಬಾಗಿಲಲ್ಲೇ ತಿರುಗುವವನಲ್ಲ. ಒಳಗೆ ಹೋಗಿ ಕೂತು, ಬನ್ನನ್ನು ಹಾಲಿನಲ್ಲಿ ಅದ್ದಿ ಕೊಟ್ಟು, ಎರಡು ಚಾಡಿ ಹೇಳಿ, ಮಲಗಿದವರನ್ನು ನಗಿಸಿ ಬರುತ್ತಿದ್ದ.

ಎಪ್ಪತ್ತು ದಾಟಿದ ಮೇಲೆ ಅವನ ನಾಲಿಗೆಯ ರುಚಿ ಸಣ್ಣಗೆ ಹೋಗತೊಡಗಿತು. ಅವನಿಗೆ ಅದು ತಿಳಿಯಲಿಲ್ಲ. ನಾಲಿಗೆಗೆ ರುಚಿ ಕಡಿಮೆಯಾಯಿತು ಎಂದು ಯಾರಿಗೆ ತಾನೇ ತಿಳಿಯುತ್ತದೆ? ಅಡುಗೆಗೆ ಉಪ್ಪು ಕಡಿಮೆಯಾಯಿತು ಎಂದು ತಿಳಿಯುತ್ತದೆ. ಸಾರಿಗೆ ಉಪ್ಪು ಬಡಿಸಿಕೊಂಡ. ಮಜ್ಜಿಗೆಗೆ ಬಡಿಸಿಕೊಂಡ. ಆಮೇಲೆ ಬೇಕರಿಯ ಹಿಟ್ಟಿಗೂ ಒಂದು ಹಿಡಿ ಇದ್ದದ್ದನ್ನು ಒಂದೂವರೆ ಮಾಡಿದ. ಹೆಂಡತಿ ಇದ್ದಿದ್ದರೆ ಮೊದಲ ದಿನವೇ ಮುಖಕ್ಕೆ ಹೇಳಿಬಿಡುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಊರಿನವರು ಉಪ್ಪುಪ್ಪು ಬನ್ನು ತಿಂದರು. ತಿಂದು ನೀರು ಕುಡಿದರು. ಹೇಳಲಿಲ್ಲ. ತಾನು ಜ್ವರದಲ್ಲಿ ಮಲಗಿದ್ದಾಗ ಬಂದು ಕೂತವನಿಗೆ, ನಿನ್ನ ಕೈ ಕೆಟ್ಟಿದೆ ಎಂದು ಹೇಳುವುದು ಹೇಗೆ? ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಂಡರು. ಉಪ್ಪನ್ನಂತೂ ಬೇಕಾದಷ್ಟು ಉಂಡಿದ್ದರು.

ಮನೆಯಲ್ಲಿ ಇದನ್ನು ಮೊದಲು ಗುರುತಿಸಿದವಳು ಸೊಸೆ. ಗಂಡನಿಗೆ ಹೇಳಿದಳು. ಮಗ ಎರಡು ದಿನ ಯೋಚಿಸಿದ. ಜಾಡಿಯನ್ನು ಅಪ್ಪನ ಕೈಯಿಂದ ತೆಗೆದುಕೊಂಡರೆ ಯಜಮಾನಿಕೆಯನ್ನೇ ಕಿತ್ತುಕೊಂಡ ಹಾಗೆ. ಉಪ್ಪು ಹೆಚ್ಚಾಯಿತು ಎಂದರೆ ನಿನ್ನ ಕಾಲ ಮುಗಿಯಿತು ಎಂದ ಹಾಗೆ. ಗಂಡಹೆಂಡತಿ ಕೂತು ಒಂದು ಉಪಾಯ ಮಾಡಿದರು. ಜಾಡಿಯ ಉಪ್ಪಿಗೆ ನುಣ್ಣಗಿನ ಅಕ್ಕಿಹಿಟ್ಟು ಬೆರೆಸಿಟ್ಟರು. ಅಪ್ಪ ತನ್ನ ಇಷ್ಟದಂತೆ ಹಿಡಿ ತುಂಬಾ ಹಾಕಲಿ, ಹಿಟ್ಟಿಗೆ ಬೀಳುವ ಉಪ್ಪು ಹಳೆಯಷ್ಟೇ ಇರಲಿ. ಅಪ್ಪನ ಮಾನವೂ ಉಳಿಯಿತು, ಬನ್ನಿನ ರುಚಿಯೂ ಉಳಿಯಿತು ಎಂದು ಇಬ್ಬರೂ ಸಮಾಧಾನಪಟ್ಟರು.

ನಾಲ್ಕೇ ದಿನ ರುಚಿ ಉಳಿಯಿತು. ಐದನೆಯ ದಿನ ಅಪ್ಪ ಎರಡು ಹಿಡಿ ಹಾಕಿದ. ಮಗ ಜಾಡಿಗೆ ಇನ್ನಷ್ಟು ಅಕ್ಕಿಹಿಟ್ಟು ಬೆರೆಸಿದ. ಅಪ್ಪ ಮೂರು ಹಿಡಿ ಮಾಡಿದ. ಮಗ ಮತ್ತೆ ಬೆರೆಸಿದ. ಎಷ್ಟು ಹಿಡಿ ಬೀಳುತ್ತದೆ ಎಂದು ಮಗನಿಗೆ ಗೊತ್ತಿಲ್ಲ, ಎಷ್ಟು ಹಿಟ್ಟು ಬೆರೆತಿದೆ ಎಂದು ಅಪ್ಪನಿಗೆ ಗೊತ್ತಿಲ್ಲ. ಬನ್ನು ಒಂದು ದಿನ ಸಮುದ್ರ, ಒಂದು ದಿನ ಸಪ್ಪೆ. ಊರಿನವರು ಉಪ್ಪಾದ ದಿನ ಹಾಲಿನಲ್ಲಿ ಅದ್ದಿಕೊಂಡರು. ಸಪ್ಪೆಯಾದ ದಿನ ಬನ್ನಿಗೆ ಉಪ್ಪಿನಕಾಯಿ ನೆಂಚಿಕೊಂಡರು. ಬನ್ನಿಗೆ ಉಪ್ಪಿನಕಾಯಿ ನೆಂಚಿಕೊಂಡ ಊರು ಲೋಕದಲ್ಲಿ ಅದೊಂದೇ ಇರಬೇಕು.

ಇಲ್ಲಿ ಒಬ್ಬ ಶಿಷ್ಯ ನಕ್ಕ. ನಕ್ಕಿದ್ದಾಯಿತೇ, ಮುಂದೆ ಕೇಳಿ ಎಂದು ಗುರುಗಳು ಮುಂದುವರಿಸಿದರು.

ಬೇಕರಿಯ ಎದುರಿಗೆ ಒಬ್ಬ ದರ್ಜಿಯ ಅಂಗಡಿ, ಅದರ ಹಿಂದೆಯೇ ಅವನೊಬ್ಬನೇ ಇರುವ ಮನೆ. ಅಪ್ಪನೂ ದರ್ಜಿಯೂ ಒಂದೇ ವಯಸ್ಸಿನವರು. ಒಬ್ಬ ನಾದುತ್ತಾ, ಇನ್ನೊಬ್ಬ ಹೊಲಿಯುತ್ತಾ, ಬೀದಿಯ ಆಚೆಯಿಂದ ಈಚೆಗೆ ಮಾತಾಡಿಕೊಂಡೇ ಮುದುಕರಾದವರು. ಆ ದರ್ಜಿ ಹಾಸಿಗೆ ಹಿಡಿದ. ಕಾಲು ಬಾತುಕೊಂಡಿತು, ಏದುಸಿರು ಬಂತು. ಪಕ್ಕದ ಊರಿನಿಂದ ಡಾಕ್ಟರು ಬಂದು ನೋಡಿದರು. ಉಪ್ಪು ಬಿಡಬೇಕು, ಆದರೆ ಹೊಟ್ಟೆಗೆ ಸರಿಯಾಗಿ ತಿನ್ನಬೇಕು, ತಿನ್ನದೆ ಸೊರಗಿದರೆ ಈ ಜೀವ ಉಳಿಯುವುದಿಲ್ಲ ಎಂದರು. ಮಧ್ಯಾಹ್ನಕ್ಕೆ ನೆರೆಮನೆಯವರ ಗಂಜಿ, ಉಳಿದ ಹೊತ್ತಿಗೆ ಬೇಕರಿಯ ಬನ್ನು ಎಂದು ಗೊತ್ತು ಮಾಡಿದರು. ಬನ್ನಿನಲ್ಲಿ ಉಪ್ಪು ಇದ್ದೂ ಇಲ್ಲದಷ್ಟು, ಪರವಾಗಿಲ್ಲ ಎಂದರು. ಆ ಡಾಕ್ಟರು ಈಚೆಗೆ ಅಲ್ಲಿಯ ಬನ್ನು ತಿಂದಿರಲಿಲ್ಲ.

ಅಪ್ಪ ದಿನವೂ ಒಲೆಯ ಮೊದಲ ಬನ್ನುಗಳನ್ನು ದರ್ಜಿಯ ಮನೆಗೆ ಹೊತ್ತ. ಈಗ ಅವನಿಗೆ ಬೀದಿ ದಾಟುವುದೂ ಒಂದು ಪ್ರಯಾಣ. ಕೋಲು ಹಿಡಿದು ಹೋಗುವನು. ದರ್ಜಿ ಬನ್ನನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುವನು. ಆಮೇಲೆ ತಿನ್ನುತ್ತೇನೆ ಎನ್ನುವನು. ಇಬ್ಬರೂ ಒಂದಷ್ಟು ಹೊತ್ತು ಹಳೆಯ ಜಗಳಗಳನ್ನು ನೆನೆದು ನಗುವರು. ಹೀಗೆ ಮೂರು ವಾರ ನಡೆಯಿತು. ದರ್ಜಿ ದಿನದಿಂದ ದಿನಕ್ಕೆ ಸೊರಗಿದ. ಅಪ್ಪ ಡಾಕ್ಟರನ್ನು ಬೈದ, ಔಷಧಿಯನ್ನು ಬೈದ, ಇನ್ನೂ ಎರಡು ಬನ್ನು ಹೆಚ್ಚಿಗೆ ಒಯ್ದ.

ಒಂದು ಬೆಳಗ್ಗೆ ಹೋದಾಗ ದರ್ಜಿಗೆ ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಅಪ್ಪ ಅವನನ್ನು ಒರಗಿಸಿ ಕೂರಿಸಲೆಂದು ತಲೆದಿಂಬನ್ನು ಎಳೆದ. ದಿಂಬು ಬರಲಿಲ್ಲ. ಹತ್ತಿಯ ದಿಂಬು ಇಷ್ಟು ಭಾರ ಇರುವುದಿಲ್ಲವಲ್ಲ ಎಂದು ದಿಂಬಿನ ಬಾಯಿ ಬಿಚ್ಚಿ ನೋಡಿದ. ಒಳಗೆ ಒಣಗಿ ಕಲ್ಲಾದ ಬನ್ನುಗಳಿದ್ದವು.

"ಇದೇನೋ ಇದು?" ಎಂದ ಅಪ್ಪ.

"ಬನ್ನು."

"ಅದು ಕಾಣ್ತದೆ. ತಿನ್ನಲಿಲ್ಲ ಯಾಕೆ?"

ದರ್ಜಿ ಗೋಡೆಯ ಕಡೆ ಮುಖ ತಿರುಗಿಸಿದ. "ಉಪ್ಪು ಕಣೋ. ಎರಡು ದಿನ ತಿಂದೆ, ಕಾಲು ಕಂಬ ಆಯ್ತು. ಆಮೇಲೆ ತಿನ್ನೋಕೆ ಧೈರ್ಯ ಬರಲಿಲ್ಲ. ನೀನು ಕೋಲು ಊರ್ಕೊಂಡು ಬಂದು ಕೊಟ್ಟಿದ್ದನ್ನ ಎಸೆಯೋಕೂ ಮನಸ್ಸು ಬರಲಿಲ್ಲ. ಇಲ್ಲಿ ತುಂಬಿಟ್ಟೆ. ಇರುವೆ ಕೂಡ ಮುಟ್ಟಿಲ್ಲ ನೋಡು."

"ಒಂದು ಮಾತು ಹೇಳಬಾರದಾಗಿತ್ತಾ?"

"ಹೆಂಗೋ ಹೇಳ್ಲಿ? ಊರೆಲ್ಲಾ ಸುಮ್ನಿದೆ. ನಿನ್ನ ನಾಲಿಗೆ ಹೋಯ್ತು ಅಂತ ನಿನಗೆ ಹೇಳೋ ಬಾಯಿ ನಂದೇ ಆಗಬೇಕಾ?"

ಅಪ್ಪ ಬಹಳ ಹೊತ್ತು ಆ ದಿಂಬನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಜೀವದ ಗೆಳೆಯ ತನ್ನ ಕಣ್ಣ ಮುಂದೆ, ತಾನು ಕೊಟ್ಟ ಅನ್ನದ ಮೇಲೆ ತಲೆಯಿಟ್ಟು, ಹಸಿದುಕೊಂಡು ಸಾಯುತ್ತಿದ್ದ. ಅದು ಅವನಿಗೆ ಅರ್ಥವಾಗಲು ಅಷ್ಟು ಹೊತ್ತು ಬೇಕಾಯಿತು. ಆಮೇಲೆ ಎದ್ದು, ಒಲೆ ಹೊತ್ತಿಸಿ, ತಾನೇ ತೆಳ್ಳಗೆ ಗಂಜಿ ಕಾಯಿಸಿ ಅವನಿಗೆ ಕುಡಿಸಿದ. ಅದಕ್ಕೆ ಉಪ್ಪು ಹಾಕಲಿಲ್ಲ.

ಮನೆಗೆ ಬಂದಾಗ ಮಗನೂ ಸೊಸೆಯೂ ಬಾಗಿಲ ಬಳಿ ಹಲಗೆಯ ಮುಂದೆ ನಿಂತಿದ್ದರು. ಹಿಟ್ಟು ಕಲಸಿಯಾಗಿತ್ತು, ಉಪ್ಪಿಗಾಗಿ ಕಾಯುತ್ತಿತ್ತು. ಅಪ್ಪ ಜಾಡಿಯನ್ನು ತಂದು ಹಲಗೆಯ ಮೇಲೆ ಇಟ್ಟ.

"ನನ್ನ ನಾಲಿಗೆ ಹೋಗಿ ಎಷ್ಟು ದಿನ ಆಯ್ತು?" ಎಂದ.

ಮಗ ತಲೆ ತಗ್ಗಿಸಿದ. ಸೊಸೆ ಮಾತಾಡಿದಳು. "ಆರು ತಿಂಗಳು ಆಗಿರಬೇಕು ಮಾವ. ಜಾಡಿಗೆ ಅಕ್ಕಿಹಿಟ್ಟು ಬೆರೆಸೋಣ ಅಂದವಳು ನಾನೇ. ಅವರನ್ನ ಬೈಬೇಡಿ. ಜಾಡಿ ನಿಮ್ಮ ಕೈಯಲ್ಲೇ ಇರ್ಲಿ ಅಂತ ಮಾಡಿದ್ವಿ."

"ಹಿಟ್ಟು ಬೆರೆತಿರೋದು ನನಗೆ ಮೊದಲ ದಿನವೇ ಗೊತ್ತಾಯ್ತು ಕಣಮ್ಮ," ಎಂದ ಅಪ್ಪ.

ಇಬ್ಬರೂ ಅವನನ್ನೇ ನೋಡಿದರು.

"ನಾಲಿಗೆ ಹೋದರೆ ಬೆರಳೂ ಹೋಗ್ತದಾ? ಉಪ್ಪು ಹಿಡಿದರೆ ಉದುರ್ತದೆ, ಹಿಟ್ಟು ಹಿಡಿದರೆ ಅಂಟ್ತದೆ. ಅಂಗಡಿಯೋನು ನನ್ನ ಮಗನಿಗೆ ಕಲಬೆರಕೆ ಉಪ್ಪು ಕೊಟ್ಟು ಟೋಪಿ ಹಾಕ್ತಾ ಇದಾನೆ ಅಂದ್ಕೊಂಡೆ. ಐವತ್ತು ವರ್ಷ ಆದ ಗಂಡಸು. ಹೆಂಡತಿ ಮುಂದೆ ಅವನ ಮುಖ ಕೆಡಿಸೋದು ಬೇಡ ಅಂತ ಸುಮ್ನಿದ್ದೆ. ಕಲಬೆರಕೆ ಜಾಸ್ತಿ ಆದಷ್ಟೂ ನಾನು ಒಂದು ಹಿಡಿ ಜಾಸ್ತಿ ಹಾಕ್ತಾ ಬಂದೆ."

ನೋಡಿ ಆ ಮನೆಯ ಪ್ರೀತಿಯನ್ನು. ಮಗನ ಮಾನ ಕಾಯಲು ಅಪ್ಪ ಉಪ್ಪು ಹೆಚ್ಚಿಸಿದ. ಅಪ್ಪನ ಮಾನ ಕಾಯಲು ಮಗ ಹಿಟ್ಟು ಹೆಚ್ಚಿಸಿದ. ಇಬ್ಬರಲ್ಲಿ ಯಾರಲ್ಲೂ ಒಂದು ಎಳ್ಳಿನಷ್ಟು ಕೆಟ್ಟ ಮನಸ್ಸಿರಲಿಲ್ಲ. ಕೆಟ್ಟ ಮನಸ್ಸಿದ್ದಿದ್ದರೆ ಜಗಳವಾಗಿ ಒಂದೇ ದಿನದಲ್ಲಿ ಎಲ್ಲ ಹೊರಗೆ ಬರುತ್ತಿತ್ತು. ಅಜ್ಜ ಅಜ್ಜಿ ಹಾಗೆ ಜಗಳವಾಡಿಯೇ ಉಳಿದುಕೊಂಡವರು.

ಮಗನಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ತಪ್ಪಾಯ್ತು ಅಪ್ಪಾ ಎಂದ. ಅಪ್ಪ ಅಳಲಿಲ್ಲ.

"ನಾಲಿಗೆ ಹೋಗಿದ್ದಕ್ಕೆ ನನಗೆ ದುಃಖ ಇಲ್ಲ," ಎಂದ. "ಹಲ್ಲು ಹೋಯ್ತು, ಕಣ್ಣು ಮಂಜಾಯ್ತು, ಇದೂ ಹೋಯ್ತು. ಆದರೆ ಮನೆ ತುಂಬಾ ನೀವಿದ್ರಿ. ಊರು ತುಂಬಾ ಜನ ಇದ್ರು. ಅಷ್ಟು ಜನ ಇದ್ದೂ ಆರು ತಿಂಗಳು ನನ್ನನ್ನ ಒಬ್ಬನ್ನೇ ಬಿಟ್ಟುಬಿಟ್ರಲ್ಲ."

ಸೊಸೆ ಜಾಡಿಯನ್ನು ಒಳಗೆ ಒಯ್ದು ತೊಳೆದಳು. ಬಟ್ಟೆಯಿಂದ ಒರೆಸಿ, ಹೊಸ ಉಪ್ಪು ತುಂಬಿ ತಂದು ಮಾವನ ಮುಂದೆಯೇ ಇಟ್ಟಳು. ಅಪ್ಪ ಜಾಡಿಯನ್ನು ಮಗನ ಕಡೆ ಸರಿಸಿದ. ಮಗ ಮುಟ್ಟಲಿಲ್ಲ. ಸೊಸೆ ಅದನ್ನು ಮತ್ತೆ ಮಾವನ ಕಡೆ ಸರಿಸಿದಳು.

"ಕೈ ನಿಮ್ಮದೇ ಇರ್ಲಿ ಮಾವ," ಎಂದಳು. "ನಾಲಿಗೆ ನಂದು ಇರ್ಲಿ."

ಅಪ್ಪ ಹಿಡಿ ತುಂಬಿಕೊಂಡು ಹಾಕತೊಡಗಿದ. ಸೊಸೆ ನಾದುತ್ತಾ ನಾದುತ್ತಾ ಹಿಟ್ಟಿನ ಚೂರನ್ನು ಬಾಯಿಗೆ ಹಾಕಿ ನೋಡಿದಳು. ಸಾಕು ಎಂದಳು. ಅಪ್ಪನ ಕೈಯಲ್ಲಿ ಇನ್ನೂ ಅರ್ಧ ಹಿಡಿ ಇತ್ತು. ಆ ಅರ್ಧ ಹಿಡಿಯನ್ನು ಜಾಡಿಗೆ ಮರಳಿ ಹಾಕುವುದು ಅವನಿಗೆ ಕಷ್ಟವಾಯಿತು. ಇಷ್ಟು ವರ್ಷ ಅವನ ಕೈಗೆ ಸಾಕು ಎಂದವರಿರಲಿಲ್ಲ. ನೋವಾಯಿತು, ಸುಳ್ಳು ಹೇಳುವುದಿಲ್ಲ. ಒಂದು ಗಳಿಗೆ ಮುಖ ಕಪ್ಪಿಟ್ಟಿತು. ಆಮೇಲೆ ಹಾಕಿದ. ಮಾರನೆಯ ದಿನ ಅಷ್ಟು ನೋವಾಗಲಿಲ್ಲ. ವಾರ ಕಳೆಯುವಷ್ಟರಲ್ಲಿ, "ಇನ್ನೊಂಚೂರು ಹಾಕ್ಲೇನಮ್ಮ?" ಎಂದು ತಾನೇ ಕೇಳತೊಡಗಿದ.

ದರ್ಜಿಗೆಂದು ಬೇರೆ ಮುದ್ದೆ ಕಲಸಿ, ಉಪ್ಪೇ ಇಲ್ಲದ ಬನ್ನು ಮಾಡಿ ಒಯ್ದರು. ದರ್ಜಿ ಒಂದು ತುತ್ತು ತಿಂದು, ಇಷ್ಟು ಸಪ್ಪೆ ಬನ್ನನ್ನು ಜನ್ಮದಲ್ಲಿ ತಿಂದಿಲ್ಲ ಎಂದು ಮುಖ ಕಿವುಚಿದ. ಅಪ್ಪನಿಗೆ ಅಂದು ಆದ ಸಂತೋಷ ಅಷ್ಟಿಷ್ಟಲ್ಲ. ಬಯ್ದುಕೊಂಡೇ ದರ್ಜಿ ಎರಡು ಬನ್ನು ಮುಗಿಸಿದ. ತಿಂಗಳೊಪ್ಪತ್ತಿನಲ್ಲಿ ಕಾಲಿನ ಬಾವು ಇಳಿಯಿತು. ಮತ್ತೆ ಮಿಷನ್ನಿನ ಮುಂದೆ ಕೂತ.

ಬೇಕರಿಯ ಯಜಮಾನನಿಗೆ ಈಗ ಏನು ಬೇಕಾದರೂ ಹೇಳಬಹುದು ಎಂದು ಊರಿಗೆ ಗೊತ್ತಾಯಿತು. ಆರು ತಿಂಗಳು ಬಾಯಿ ಕಟ್ಟಿಕೊಂಡಿದ್ದ ಊರು ಒಮ್ಮೆಗೇ ಬಾಯಿ ಬಿಟ್ಟಿತು. ರಸ್ಕು ಗಟ್ಟಿ ಎಂದರು, ಖಾರದ ಬಿಸ್ಕತ್ತಿಗೆ ಖಾರ ಸಾಲದು ಎಂದರು, ನಿಮ್ಮಪ್ಪನ ಕಾಲದ ಬನ್ನು ಇದಕ್ಕಿಂತ ದೊಡ್ಡದಿತ್ತು ಎಂದರು. ಅಪ್ಪ ಹಲಗೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಕೆಲವು ತಿದ್ದಿಕೊಂಡ. ಕೆಲವಕ್ಕೆ ತಿರುಗಿ ಬೈದ. ಸಾಯುವವರೆಗೂ ಉಪ್ಪು ಅವನ ಕೈಯಿಂದಲೇ ಬಿತ್ತು. ಅವನು ಒಂಟಿಯಾಗಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯರ ಕಣ್ಣುಗಳು ತೇವವಾಗಿದ್ದವು. ಪ್ರಶ್ನೆ ಕೇಳಿದ ಹಿರಿಯ ಶಿಷ್ಯ ಕೈ ಮುಗಿದ.

"ಅರ್ಥವಾಯಿತು ಗುರುಗಳೇ. ಪ್ರೀತಿ ಇದ್ದವರು ಸುಮ್ಮನಿರಬಾರದು, ಹೇಳಿಬಿಡಬೇಕು."

ಗುರುಗಳು ಅವನನ್ನು ಅಕ್ಕರೆಯಿಂದ ನೋಡಿದರು.

"ಹಾಗಾದರೆ ಹೇಳು ಮಗು, ಈಚೆಗೆ ಪಾಠದಲ್ಲಿ ನಾನು ಮರೆತು ಬಿಡುತ್ತಿರುವುದನ್ನು ನೀವೆಲ್ಲ ನನಗೆ ತಿಳಿಯದ ಹಾಗೆ ಎಲ್ಲೆಲ್ಲಿ ತುಂಬಿಕೊಂಡು ಹೋಗುತ್ತಿದ್ದೀರಿ?"